ಅರ್ಣೆವ್ವನ ತವರುಮನೆ

ಸಿಯಾಟಲ್‌ನಲ್ಲಿ ಮನೆ ಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಬಾಡಿಗೆ ಮನೆಯಲ್ಲಿದ್ದಾನೆ. ಎರಡು ಸಾವಿರದ ಹದಿನಾರರಲ್ಲಿ ನನ್ನ ಗೆಳೆಯರೆಲ್ಲ ಸಮಾಮಿಶ್ ಗುಡ್ಡದ ಮೇಲೆ ಒಂದೇ ಅಚ್ಚಿನ ಮನೆಗಳನ್ನು ಕೊಂಡು, ಸಂಜೆ ತಮ್ಮ ಮನೆಯೆಂದು ಪಕ್ಕದವನ ಗರಾಜಿಗೆ ಕಾರು ನುಗ್ಗಿಸುತ್ತಿದ್ದರು. ನಾನೋ, ರಾಣೆಬೆನ್ನೂರಿನ ಪ್ರಭುದೇವ, ಬೆಲ್ವ್ಯೂದ ಗಾಜಿನ ಗೋಪುರದಲ್ಲಿ ಕೂತು ಅರ್ಧ ಪ್ರಪಂಚದ ಸಾಫ್ಟ್‌ವೇರ್ ನಡೆಸುವವನು, ನಗರದ ನಟ್ಟನಡುವೆ ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ ಒಂದು ಮರದ ಮನೆ ಗಿಟ್ಟಿಸಿದೆ. ಮನೆಯೇನು, ಸೀನಿದರೆ ಬೀಳುವಂಥದು. ಬೀಳಿಸಲೆಂದೇ ಕೊಂಡಿದ್ದೆ. ಅಲ್ಲಿ ಮೂರು ಮಹಡಿ ಏಳಬೇಕು, ಮೇಲೊಂದು ತಾರಸಿ. ಅಲ್ಲಿ ನಿಂತರೆ ರೇನಿಯರ್ ಪರ್ವತ ಕಾಣಬೇಕು, ಮೋಡ ಸರಿದ ದಿನ ರಾಣೆಬೆನ್ನೂರೂ ಕಾಣಬೇಕು. ಕೆಡವುವ ಕಂಟ್ರಾಕ್ಟರ್‌ಗೆ ಆಗಸ್ಟಿನ ಒಂದು ಸೋಮವಾರ ಗೊತ್ತು ಮಾಡಿಯೂ ಆಗಿತ್ತು.

ಅಷ್ಟರಲ್ಲಿ ಊರಿಂದ ಅವ್ವ ಬಂದಳು, ಪಾರ್ವತೆವ್ವ. ಅವಳಿಗೆ ಕೆಡವುವ ಸುದ್ದಿ ಹೇಳಲಿಲ್ಲ, ರಿಪೇರಿ ಅಂದೆ. ರಿಪೇರಿಯಾದರೂ ಸರಿ, ಹಾಲು ಉಕ್ಕಿಸದ ಮನೆಯಲ್ಲಿ ಕಾಲಿಡುವುದಿಲ್ಲ ಅಂದಳು. ಜೂನ್ ತಿಂಗಳ ಒಂದು ಭಾನುವಾರ ನಮ್ಮ ಫ್ಲ್ಯಾಟಿನಿಂದ ಬಂದು ಹಾಲಿಟ್ಟೆವು. ಅದು ಉಕ್ಕಿದ ಪರಿಗೆ ಲೇಕ್ ವಾಷಿಂಗ್ಟನ್‌ನ ನೀರು ಒಂದು ಗೇಣು ಏರಿರಬೇಕು. ಹೊಗೆ ಎದ್ದು ಅಲಾರಾಂ ಬಡಿದುಕೊಂಡಿತು. ನಾನು, ಅವ್ವ, ನನ್ನ ಹೆಂಡತಿ ನಿಕಿತಾ, ಮೂವರೂ ಕೆಮ್ಮುತ್ತ ಬೀದಿಗೆ ಬಂದೆವು.

ಎದುರಿನ ಫುಟ್‌ಪಾತಿನಲ್ಲಿ ಬೂದು ಕೋಟಿನ ಒಬ್ಬ ಕಪ್ಪು ಹೆಂಗಸು ನಿಂತಿದ್ದಳು. ಅರವತ್ತು ದಾಟಿದ ವಯಸ್ಸು. ಮನೆಯನ್ನೇ ನೋಡುತ್ತಿದ್ದಳು, ನಮ್ಮನ್ನಲ್ಲ. ಅವ್ವ ನೋಡಿದವಳೇ, ಥೇಟ್ ನಮ್ಮ ಬಾಜೂಮನಿ ಗಂಗವ್ವನಂಗ ನಿಂತಾಳಲ್ಲೋ, ಹಾಲು ಉಕ್ಕಿದ ಹೊತ್ತಿಗೆ ಬಂದಾಕಿನ್ನ ಹಂಗ ಕಳಸಬಾರದು, ಕರಿ ಅಂದಳು. ಕರೆದೆ. ಹೆಸರು ಅರ್ನೆಸ್ಟೀನ್ ಅಂದಳು. ಅವ್ವನ ಬಾಯಲ್ಲಿ ಅದು ನಿಂತ ನಿಲುವಿನಲ್ಲೇ ಅರ್ಣೆವ್ವ ಆಯಿತು.

ಅನುವಾದದಲ್ಲೂ ನಾನು ಎತ್ತಿದ ಕೈ. ವಿಶ್ವಸಂಸ್ಥೆಯವರು ನನ್ನ ನಂಬರ್ ಕಳೆದುಕೊಂಡಿರಬೇಕು, ಅಷ್ಟೆ. ಅರ್ಣೆವ್ವ ಹೇಳಿದ್ದನ್ನೆಲ್ಲ ಅವ್ವನಿಗೆ ಕನ್ನಡಕ್ಕಿಳಿಸಿದೆ. ಅವಳು ಹುಟ್ಟಿದ್ದು ಇದೇ ಮನೆಯ ಹಿಂದಿನ ಕೋಣೆಯಲ್ಲಿ. ಅಪ್ಪ ಹಡಗು ಕಟ್ಟುವ ಕೆಲಸಗಾರ. ಆಗೆಲ್ಲ ಕಪ್ಪು ಜನಕ್ಕೆ ಈ ಹತ್ತಿಪ್ಪತ್ತು ಬೀದಿ ಬಿಟ್ಟು ಊರಿನ ಬೇರೆ ಕಡೆ ಯಾರೂ ಮನೆ ಮಾರುತ್ತಿರಲಿಲ್ಲ, ಬ್ಯಾಂಕಿನವರು ಸಾಲ ಕೊಡುತ್ತಿರಲಿಲ್ಲ. ಆಮೇಲೆ ಕಾನೂನು ಬಂತು, ಯಾರು ಎಲ್ಲಿ ಬೇಕಾದರೂ ಇರಬಹುದು ಅಂತಾಯಿತು. ಆಮೇಲೆ ಇಲ್ಲಿಗೆ ನಮ್ಮಂಥ ದುಡ್ಡಿನವರು ಬಂದರು, ಮನೆಗಳ ಬೆಲೆ ಏರಿತು. ಮನೆ ತೆರಿಗೆ ಮುಗಿಲಿಗೆ ಹಾರಿತು. ಅಪ್ಪ ಅಮ್ಮ ಹೋದ ಮೇಲೆ ಆ ತೆರಿಗೆ ಕಟ್ಟಲಾಗದೆ ಯಾವುದೋ ಕಂಪನಿಗೆ ಸಿಕ್ಕಷ್ಟಕ್ಕೆ ಕೊಟ್ಟಳು. ಕಂಪನಿಯವರು ಬಾಗಿಲಿಗೆ ಬಣ್ಣ ಬಳಿದು ನನಗೆ ಮಾರಿದರು. ಈಗ ಟಕ್ವಿಲಾದಲ್ಲಿ ಮಗಳ ಬಾಡಿಗೆ ಮನೆಯಲ್ಲಿದ್ದಾಳೆ. ಈ ಬೀದಿಯ ಚರ್ಚಿಗೆ ಈಗಲೂ ಬಸ್ಸು ಹತ್ತಿ ಬರುತ್ತಾಳೆ.

ಅವ್ವನಿಗೆ ಕಾನೂನು, ತೆರಿಗೆ ಏನೂ ತಲೆಗೆ ಹೋಗಲಿಲ್ಲ. ಒಂದೇ ಒಂದು ಹೋಯಿತು.

"ಇಲ್ಲೇ ಹುಟ್ಟ್ಯಾಳಂದ್ರ ಇದು ಅಕಿ ತವರಮನಿ ಆತಲ್ಲಲೇ. ಬರಿಗೈಲೆ ಹೆಂಗ ಕಳಸ್ತಿ?"

ಅಲ್ಲೇ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣಬೇರು, ತನಗೆಂದು ತಂದುಕೊಂಡಿದ್ದ ಗುಳೇದಗುಡ್ಡದ ಖಣ. ಅರ್ಣೆವ್ವ ಕೋಟಿನ ಚುಂಗು ಹಿಡಿದು ನಿಂತು ಅಷ್ಟನ್ನೂ ತುಂಬಿಸಿಕೊಂಡಳು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಬಾರವ್ವ, ನಿನಗ ಈ ಬಾಗಲಾ ಯಾವಾಗಲೂ ತೆರದಿರ್ತೈತಿ ಅಂದಳು ಅವ್ವ. ನಾನು ಇಂಗ್ಲಿಷಿಗೆ ಹೊರಳಿಸಿದೆ: ಇದು ನಿಮ್ಮ ಮನೆ, ಇದರ ಒಂದು ಮೊಳೆಯನ್ನೂ ಯಾರೂ ಮುಟ್ಟುವುದಿಲ್ಲ, ಆಗಸ್ಟಿನ ಹಬ್ಬಕ್ಕೆ ಬನ್ನಿ. ಮೊಳೆಯ ಮಾತು ಅವ್ವನದಲ್ಲ. ಆದರೆ ಇಂಗ್ಲಿಷಿನಲ್ಲಿ ಬಾಗಿಲು ತೆರೆದಿದೆ ಅಂದರೆ ಸಪ್ಪೆ. ಮಾತಿಗೆ ಒಂದು ತೂಕ ಬೇಡವೇ? ನಿಕಿತಾ ನನ್ನ ಕಾಲು ತುಳಿದಳು. ಅರ್ಣೆವ್ವ ಬಾಗಿಲಿನ ಚೌಕಟ್ಟನ್ನು ಒಮ್ಮೆ ಸವರಿ ಹೊರಟಳು.

ಪಂಚಮಿ ಭಾನುವಾರ ಬಂತು. ಕೆಡವುವ ಸೋಮವಾರ ಅದರ ಮರುದಿನವೇ. ಅವಳು ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಚರ್ಚು ಬಿಡುತ್ತಿದ್ದಂತೆ ಬಂದಳು, ಹಿಂದೆ ಒಂದು ದಿಬ್ಬಣ: ಮಗಳು, ಮೊಮ್ಮಕ್ಕಳು, ಟೋಪಿ ತೊಟ್ಟ ಗೆಳತಿಯರು. ಐನೂರು ಜನ ಅನ್ನಬಹುದಿತ್ತು, ನೀವು ನಂಬುವುದಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಅಡುಗೆಯ ಡಬ್ಬಿ. ಅವ್ವ ಹಿತ್ತಲಿನ ಮರಕ್ಕೆ ಜೋಕಾಲಿ ಕಟ್ಟಿಸಿ, ಶೇಂಗಾ ಉಂಡಿ, ಅಳ್ಳಿಟ್ಟು ಹಂಚಿದಳು. ಅರ್ಣೆವ್ವ ಗೆಳತಿಯರನ್ನು ಕೋಣೆ ಕೋಣೆಗೂ ಕರೆದೊಯ್ದು, ಈ ಬೀದಿಯಲ್ಲಿ ಇದೊಂದು ಮನೆ ಉಳಿಯುತ್ತದೆ, ಹುಡುಗ ಮಾತು ಕೊಟ್ಟಿದ್ದಾನೆ ಅಂತ ನನ್ನತ್ತ ಕೈ ತೋರಿಸುತ್ತಿದ್ದಳು. ಮುದುಕಿಯರು ಬಂದು ನನ್ನ ಕೆನ್ನೆ ಸವರಿದರು. ಹೊಗಳಿಕೆ ನನಗೆ ಹೊಸದಲ್ಲ, ಆದರೂ ಅವತ್ತು ಜೋಕಾಲಿಯ ಹಗ್ಗ ಬಿಗಿಮಾಡುವ ನೆಪದಲ್ಲಿ ಅಲ್ಲಿಂದ ಜಾರಿಕೊಂಡೆ.

ಗೇಟಿನ ಪಕ್ಕದಲ್ಲಿ ಕಂಟ್ರಾಕ್ಟರ್ ಹಿಂದಿನ ದಿನವೇ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬೇಲಿಯ ಸುರುಳಿ ಇಟ್ಟು ಹೋಗಿದ್ದ. ಅರ್ಣೆವ್ವ ಅದನ್ನು ಕಂಡು ಇದೇನು ಅಂದಳು. ರಿಪೇರಿಗೆ ಅಂದೆ.

"ಪ್ರಭು, ಈ ಬೇಲಿ ಈ ಬೀದಿಯಲ್ಲಿ ಬಹಳ ಸಲ ಬಂದಿದೆ," ಅಂದಳು. "ಇದರೊಳಗೆ ಹೋಗಿ ರಿಪೇರಿಯಾಗಿ ಹೊರಗೆ ಬಂದ ಮನೆ ಒಂದನ್ನೂ ನಾನು ಕಾಣೆ. ಯಾವತ್ತು?"

"ನಾಳೆ."

ಏನಂತಾಳ, ಏನಂತಾಳ ಅಂತ ಅವ್ವ ತೋಳು ಹಿಡಿದು ಅಲುಗಾಡಿಸಿದಳು. ಜೀವಮಾನದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಅನುವಾದಿಸಿದೆ. ಅವ್ವನ ಕೈಯ ಉಂಡಿ ಕೈಯಲ್ಲೇ ಉಳಿಯಿತು.

"ಹಂಗಾರ ನಾ ಉಡಿ ತುಂಬಿದ್ದು ಯಾವ ಮನಿಯಿಂದಲೇ?"

ನಾನು ವಾದಕ್ಕೆ ನಿಂತರೆ ಸುಪ್ರೀಂ ಕೋರ್ಟು ಎದ್ದು ನಿಲ್ಲಬೇಕು. ಎರಡೂ ಭಾಷೆಯಲ್ಲಿ ವಾದಿಸಿದೆ. ನಾನು ಕದ್ದಿಲ್ಲ, ದುಡಿದು ಕೊಂಡಿದ್ದೇನೆ. ಇವರನ್ನು ತಡೆಯುವ ಕಾನೂನು ಇವತ್ತು ಯಾವುದೂ ಇಲ್ಲ. ಇವರೂ ಎಲ್ಲಿ ಬೇಕಾದರೂ ಕೊಳ್ಳಬಹುದು.

"ಹೌದು," ಅಂದಳು ಅರ್ಣೆವ್ವ. "ನಮ್ಮಪ್ಪನ ಹತ್ತಿರ ದುಡ್ಡಿತ್ತು, ಬೇರೆ ಕಡೆ ಬಿಡಲಿಲ್ಲ. ನನ್ನನ್ನು ಎಲ್ಲ ಕಡೆಯೂ ಬಿಡುತ್ತಾರೆ."

ಅಷ್ಟು ಹೇಳಿ ಮೊಮ್ಮಗಳನ್ನು ಜೋಕಾಲಿಯಿಂದ ಇಳಿಸಿಕೊಂಡಳು. ನಾನು ಮನಸ್ಸಿನಲ್ಲೇ ತಪ್ಪಿತಸ್ಥನನ್ನು ಹುಡುಕತೊಡಗಿದೆ. ಬ್ಯಾಂಕು ಈಗ ಬದಲಾಗಿದೆ. ಕಾನೂನು ಬದಲಾಗಿದೆ. ಮಾರಿದ್ದು ಅವಳೇ. ಕಂಪನಿ ವ್ಯಾಪಾರ ಮಾಡಿತು. ನಾನು ಕೊಂಡೆ. ಒಬ್ಬೊಬ್ಬರದೂ ಸರಿಯೇ. ಎಲ್ಲ ಸರಿಗಳನ್ನೂ ಕೂಡಿಸಿದರೆ ಬೆಳಗ್ಗೆ ಅವಳ ಮನೆಯ ಮುಂದೆ ಬುಲ್ಡೋಜರ್ ನಿಲ್ಲುತ್ತದೆ. ಕಾಲೇಜಿನಲ್ಲಿ ಲೆಕ್ಕದಲ್ಲಿ ಚಿನ್ನದ ಪದಕ ಗೆದ್ದವನು ನಾನು, ಈ ಲೆಕ್ಕ ಎಲ್ಲಿ ತಪ್ಪಿತೆಂದು ಹೊಳೆಯಲಿಲ್ಲ.

ಹಬ್ಬಕ್ಕ ಬಂದ ತಂಗಿನ್ನ ಬಸ್ಸಿಗೆ ಹತ್ತಿಸ್ತಿಯೇನು, ಮನಿತನಕ ಬಿಟ್ಟು ಬಾ ಅಂದಳು ಅವ್ವ. ತಂಗಿ ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವಳು. ಉಳಿದವರು ಮಗಳ ವ್ಯಾನಿನಲ್ಲಿ ಹೋದರು, ಅರ್ಣೆವ್ವ ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಹೆದ್ದಾರಿ ಹತ್ತುತ್ತಿದ್ದಂತೆ ಕಂಟ್ರಾಕ್ಟರ್ ಫೋನು ಕಾರಿನ ಸ್ಪೀಕರಿನಲ್ಲೇ ಬಂತು. ನಾಳೆ ಏಳಕ್ಕೆ ಬರಲೇ ಅಂದ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ನಾಳೆ ಬೇಡ ಅಂದೆ. ಮತ್ತೆ ಯಾವತ್ತು ಅಂದ. ಹೇಳುವುದಕ್ಕಾಗುವುದಿಲ್ಲ, ಮನೆಯಲ್ಲಿ ನನ್ನ ತಂಗಿಯ ವಿಷಯವೊಂದಿದೆ ಅಂದೆ. ಆ ತಂಗಿಗೆ ಮನೆಯಲ್ಲಿ ಪಾಲಿದೆಯೇ ಅಂತ ಕೇಳಿದ. ಪಾಲು ಇಲ್ಲ ಅಂದೆ. ಹಾಗಾದರೆ ತೊಂದರೆಯೇನು ಅಂದ. ನನಗೆ ಗೊತ್ತಿದ್ದರೆ ತಾನೆ ಹೇಳುವುದು. ಲೈನು ಕತ್ತರಿಸಿದೆ. ಕೊಟ್ಟ ಮುಂಗಡ ಹೋಯಿತು, ತಾರಸಿಯ ಗತಿ ಏನೋ ತಿಳಿಯದು.

ಅರ್ಣೆವ್ವ ಥ್ಯಾಂಕ್ಸ್ ಅನ್ನುತ್ತಾಳೆ ಅಂದುಕೊಂಡು ಹೇಳಬೇಕಾದ ದೊಡ್ಡ ಮಾತನ್ನು ಸಿದ್ಧ ಮಾಡಿಕೊಂಡೆ. ಅವಳು ಮಡಿಲಲ್ಲಿದ್ದ ಉಂಡಿಯ ಡಬ್ಬಿಯನ್ನು ಸರಿಮಾಡಿಕೊಂಡು, ನಿಜಕ್ಕೂ ತಿಳಿಯದವಳ ಹಾಗೆ ಕೇಳಿದಳು:

"ಅದು ನನ್ನ ಮನೆಯಾದರೆ, ಈಗ ನನ್ನನ್ನು ಎಲ್ಲಿಗೆ ಬಿಡಲು ಹೊರಟಿದ್ದೀಯ?"

ಮಗಳ ಮನೆಗೆ ತಿರುಗುವ ಟಕ್ವಿಲಾದ ಎಕ್ಸಿಟ್ ಬಂತು, ಹಿಂದೆ ಉಳಿಯಿತು. ಮುಂದಿನದೂ ಉಳಿಯಿತು. ಅವಳೂ ದಾರಿ ಹೇಳಲಿಲ್ಲ.