ತಾರಸ್ಥಾಯಿಯ ಚುಕ್ಕೆ

ಹಲೀಮಾಳಿಗೆ ಸಂಗೀತ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಯಾರೂ ಕೇಳಿರಲೂ ಇಲ್ಲ. ಕಾಪುವಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಶೇಕಬ್ಬರ ಹಿರಿಯ ಮಗಳು ಅವಳು. ಕನ್ನಡ ಟೈಪಿಂಗ್ ಕಲಿತು ಮಣಿಪಾಲದ ಒಂದು ಮುದ್ರಣಾಲಯ ಸೇರಿದ್ದಳು. ಎಂಬತ್ತಾರನೇ ಇಸವಿ. ಅಚ್ಚಿನ ಸೀಸದ ಮೊಳೆ ಜೋಡಿಸುವವರು ಅಲ್ಲಿ ಕಡಿಮೆಯಾಗುತ್ತಿದ್ದರು. ತಣ್ಣಗಿನ ಒಂದು ಕೋಣೆಯೊಳಗೆ ಫೋಟೊ ಕಂಪೋಸಿಂಗ್ ಯಂತ್ರ ಬಂದು ಕೂತಿತ್ತು. ಕೀಬೋರ್ಡಿನಲ್ಲಿ ಹೊಡೆದದ್ದು ಪರದೆಯ ಮೇಲೆ ಬರೀ ಸಂಕೇತಗಳಾಗಿ ಕಾಣುತ್ತಿತ್ತು. ಅಕ್ಷರದ ನಿಜವಾದ ರೂಪ ನೋಡಬೇಕಾದರೆ ಬ್ರೊಮೈಡ್ ಕಾಗದ ತೊಳೆದು ಒಣಗಿ ಹೊರಗೆ ಬರುವ ತನಕ ಕಾಯಬೇಕು. ಈ ಕಾಯುವುದೇ ಅವಳಿಂದ ಆಗದ ಕೆಲಸ. ಕುರ್ಚಿಯಲ್ಲಿ ಕೂರಲಾರದೆ ಡಾರ್ಕ್‌ರೂಮಿನ ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡುತ್ತಿದ್ದಳು.

ಆ ವರ್ಷ ಅವಳ ಪಾಲಿಗೆ ಬಂದದ್ದು ವನಜಾಕ್ಷಿ ಟೀಚರ ಸಂಗೀತ ಪಾಠದ ಪುಸ್ತಕ. ಟೀಚರು ಉಡುಪಿಯ ತೆಂಕಪೇಟೆಯವರು, ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತರಾದವರು. ಪುಟ ತುಂಬ ಸರಿಗಮಗಳು. ಬರೀ 'ಸ' ಎಂದರೆ ನಡುವಿನ ಸ, ತಲೆಯ ಮೇಲೆ ಚುಕ್ಕೆ ಇದ್ದರೆ ಮೇಲಿನ, ಅಂದರೆ ತಾರಸ್ಥಾಯಿಯ ಸ. ಯಂತ್ರದಲ್ಲಿ ಕನ್ನಡದ ಎಲ್ಲ ಅಕ್ಷರಗಳೂ ಇದ್ದವು. ತಲೆಯ ಮೇಲೆ ಇಡುವ ಚುಕ್ಕೆ ಮಾತ್ರ ಇರಲಿಲ್ಲ.

ಮೊದಲ ಕೆಲವು ಪುಟಗಳಿಗೆ ಅಂಟಿಸುವ ವಿಭಾಗದ ಲೊರ್ನಾ ಒಂದೊಂದೇ ಚುಕ್ಕೆಯನ್ನು ಕತ್ತರಿಸಿ ಚಿಮುಟದಲ್ಲಿ ಹಿಡಿದು ಅಂಟಿಸಿದಳು. ಫಿಲ್ಮ್ ಮಾಡುವಾಗ ಅರ್ಧದಷ್ಟು ಉದುರಿಹೋದವು. ಪ್ರೂಫ್ ನೋಡಲು ಬಸ್ಸಿನಲ್ಲಿ ಬಂದ ಟೀಚರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ, ಮಹಡಿ ಹತ್ತುತ್ತಿದ್ದ ಮಕ್ಕಳನ್ನು ನೀವು ಮೆಟ್ಟಿಲು ತೆಗೆದು ಕೆಳಗೆ ಬೀಳಿಸಿದ್ದೀರಿ ಎಂದರು. ಬೈದದ್ದು ಯಾರಿಗೆಂದು ಸ್ಪಷ್ಟವಿರಲಿಲ್ಲ. ಹಲೀಮಾ ತನಗೇ ಎಂದುಕೊಂಡಳು.

ವಿಭಾಗದ ಮೇಲ್ವಿಚಾರಕ ಮಧ್ವರಾಜರು ಸಮಾಧಾನದ ಮನುಷ್ಯ. ಇನ್ನೊಮ್ಮೆ ಗಟ್ಟಿ ಅಂಟು ಹಾಕಿ ಅಂಟಿಸಿದರಾಯಿತು, ನೀನು ಬೇರೆ ಕೆಲಸ ನೋಡು ಎಂದರು. ಅವಳಿಗೆ ಬೇರೆ ಕೆಲಸ ಕಣ್ಣಿಗೇ ಹತ್ತಲಿಲ್ಲ. ಅಕ್ಷರ ಹೊಡೆದ ಮೇಲೆ ಅರ್ಧ ಅಕ್ಷರದಷ್ಟು ಹಿಂದೆ ಸರಿದು, ಸ್ವಲ್ಪ ಮೇಲೇರಿ, ಅಲ್ಲೊಂದು ಪೂರ್ಣವಿರಾಮ ಹೊಡೆದು ಕೆಳಗಿಳಿಯುವ ಹಾಗೆ ಸಂಕೇತ ಬರೆದಳು. ಸ, ಗ, ಪಗಳ ಮೇಲೆ ಚುಕ್ಕೆ ಸರಿಯಾಗಿ ಕೂತಿತು. ರಿ ಮತ್ತು ನಿಗಳ ತಲೆಯ ಮೇಲೆ ಮೊದಲೇ ಗುಡಿಸು ಉಂಟಲ್ಲ, ಚುಕ್ಕೆ ಅದಕ್ಕೆ ಹೋಗಿ ಅಂಟಿಕೊಂಡು ಅಕ್ಷರಕ್ಕೆ ಗಂಟು ಬಿದ್ದ ಹಾಗೆ ಕಂಡಿತು. ಅವೆರಡಕ್ಕೆ ಮಾತ್ರ ಇನ್ನಷ್ಟು ಏರಿಸಿದರೆ ಒಂದು ಚುಕ್ಕೆ ಮೇಲೆ, ಒಂದು ಕೆಳಗೆ. ಸಾಲು ಕೋಳಿ ಕೆದಕಿದ ನೆಲದಂತಾಯಿತು. ಅದು ಸಾಲದೆಂದು ಯಂತ್ರವು ಸಾಲನ್ನು ತನಗೆ ಬೇಕಾದಲ್ಲಿ ತುಂಡು ಮಾಡುತ್ತಿತ್ತು; ಸ್ವರ ಒಂದು ಕಡೆ, ಅದರ ಕೆಳಗೆ ಬರಬೇಕಾದ ಹಾಡಿನ ಅಕ್ಷರ ಇನ್ನೊಂದು ಕಡೆ ಹೋಗುತ್ತಿತ್ತು.

ಬಸ್ಸಿನಲ್ಲಿ ಎದುರಿನ ಸೀಟಿನವರ ಸೀರೆಯ ಬುಟ್ಟಾಗಳೂ ಅವಳಿಗೆ ಚುಕ್ಕೆಗಳೇ. ಊಟಕ್ಕೆ ಕೂತಾಗ ಅವಳು ಅನ್ನದ ಅಗುಳನ್ನು ಬಟ್ಟಲಿನ ಅಂಚಿನಲ್ಲಿ ಸಾಲಾಗಿ ಇಡುವುದನ್ನು ಕಂಡು ಅವಳ ತಾಯಿ, ಉಮ್ಮ ರುಕಿಯಮ್ಮ, ನಿನಗೆ ಎಂತ ಆಗಿದೆ ಎಂದು ಕೇಳಿದರು. ಉಮ್ಮನಿಗೆ ಬೇರೆ ಗಡಿಬಿಡಿ ಇತ್ತು. ಹೂಡೆಯ ಒಂದು ಮನೆಯಿಂದ ಸಂಬಂಧದ ಮಾತು ಬಂದಿತ್ತು. ಹುಡುಗ ಜಮಾಲ್ ದುಬಾಯಿಯಲ್ಲಿ ಇದ್ದವನು, ರಜೆಯಲ್ಲಿ ಬಂದಿದ್ದ. ಅವನ ತಾಯಿ ಮತ್ತು ಅಕ್ಕಂದಿರು ಗುರುವಾರ ಸಂಜೆ ಹುಡುಗಿಯನ್ನು ನೋಡಲು ಬರುವವರಿದ್ದರು. ಬೇಗ ಬರುತ್ತೇನೆಂದು ಹಲೀಮಾ ಒಪ್ಪಿಕೊಂಡಿದ್ದಳು.

ಆ ಗುರುವಾರ ಮಧ್ಯಾಹ್ನವೇ ಅವಳಿಗೆ ಒಂದು ಉಪಾಯ ಹೊಳೆಯಿತು. ಚುಕ್ಕೆಯನ್ನು ಅಕ್ಷರದ ಜೊತೆ ಯಾಕೆ ಕಟ್ಟಬೇಕು? ಬರೀ ಚುಕ್ಕೆಗಳದ್ದೇ ಒಂದು ಸಾಲು ಮಾಡಿ ಸ್ವರದ ಸಾಲಿನ ಮೇಲೆ ಒತ್ತಾಗಿ ಕೂರಿಸಿದರೆ ಎಲ್ಲವೂ ಒಂದೇ ಎತ್ತರಕ್ಕೆ ಬರುತ್ತವೆ. ಮೂರು ಸಾಲಿಗೂ, ಅಂದರೆ ಚುಕ್ಕೆಗೆ, ಸ್ವರಕ್ಕೆ, ಹಾಡಿಗೆ, ಒಂದೇ ಅಂತರದ ಟ್ಯಾಬ್ ಕೊಟ್ಟು, ಮನೆ ಮನೆಯಾಗಿ ಭಾಗ ಮಾಡಿದರೆ ಆಯಿತು. ಪುಟವನ್ನು ಹೊಸದಾಗಿ ಹೊಡೆದು ಕಳಿಸಿದಾಗ ಹೊರಡುವ ಹೊತ್ತಾಗಿತ್ತು. ಬ್ರೊಮೈಡ್ ಈಗ ಬರುತ್ತದೆ, ನೋಡಿಯೇ ಹೋಗುತ್ತೇನೆಂದು ನಿಂತಳು. ತೊಳೆಯುವ ಔಷಧ ಮುಗಿದು ಹೊಸದು ಕಲಸಬೇಕಾಯಿತು. ಲೊರ್ನಾ ಎರಡು ಸಲ ಬಂದು, ನಿನಗೆ ಇವತ್ತು ಮನೆಗೆ ಹೋಗಲಿಕ್ಕೆ ಇರಲಿಲ್ವಾ ಎಂದು ನೆನಪಿಸಿದಳು. ಹಲೀಮಾ ಹೂಂ ಎಂದಳು, ಕದಲಲಿಲ್ಲ.

ಕೊನೆಗೆ ಹಾಳೆ ಬಂತು. ಮೊದಲ ಸಾಲು ಸರಿ. ಎರಡನೆಯ ಸಾಲಿನಿಂದ ಎಲ್ಲ ಚುಕ್ಕೆಗಳೂ ಒಂದು ಮನೆ ಪಕ್ಕಕ್ಕೆ ಸರಿದು ಬೇರೆಯವರ ತಲೆಯ ಮೇಲೆ ಕೂತಿದ್ದವು.

ಕಾಪುವಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಹೂಡೆಯವರು ಹೋಗಿಯಾಗಿತ್ತು. ತಿಂಡಿಯ ತಟ್ಟೆಗಳು ಹಾಗೇ ಇದ್ದವು. ಉಮ್ಮ ಅತ್ತು ಮುಗಿಸಿದ್ದರು. ಬಂದವರು ಬಹಳ ಹೊತ್ತು ಕಾದರಂತೆ. ಏಳುವಾಗ ಹುಡುಗನ ತಾಯಿ, ಕೆಲಸವೇ ಹೆಚ್ಚಾದ ಹುಡುಗಿಗೆ ಮನೆ ಯಾಕೆ ಎಂದರಂತೆ. ಉಪ್ಪ ಶೇಕಬ್ಬ ಬೈಯಲಿಲ್ಲ.

"ಅಷ್ಟು ದೊಡ್ಡ ಕೆಲಸ ಎಂತ ಇತ್ತು?" ಎಂದು ಮಾತ್ರ ಕೇಳಿದರು.

ಚುಕ್ಕೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಚುಕ್ಕೆಯಾದರೂ ಸರಿಯಾಗಿ ಕೂತಿದ್ದರೆ ಹೇಳಬಹುದಿತ್ತೇನೋ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಆ ಕೆಟ್ಟ ಹಾಳೆಯನ್ನು ಸುರುಳಿ ಸುತ್ತಿಕೊಂಡು ಅವಳು ತೆಂಕಪೇಟೆಗೆ ಹೋದಳು. ಟೀಚರ ಮನೆಯ ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತಳು, ಒಳಗೆ ಹೋಗಬಹುದೋ ಇಲ್ಲವೋ ತಿಳಿಯದೆ. ಟೀಚರೇ ಕಂಡು ಕರೆದರು. ಚಾವಡಿಯಲ್ಲಿ ಚಾಪೆ ಹಾಸಿ ಕೂರಿಸಿ ಹಾಳೆ ನೋಡಿದರು. ಮುಖದಲ್ಲಿ ಸಿಟ್ಟು ಬಂದದ್ದು ಹಾಗೇ ಇಳಿಯಿತು.

"ಇದನ್ನು ಹೀಗೆ ಮಾಡಿದ್ದು ನೀನಾ? ಅಂಟಿಸಿದ್ದಲ್ವಾ?"

"ಅಲ್ಲ ಟೀಚರ್. ಆದರೆ ಎಲ್ಲಿ ತಪ್ಪುತ್ತಿದೆ ಎಂದು ನನಗೆ ಗೊತ್ತಾಗುವುದಿಲ್ಲ. ನೀವು ಒಮ್ಮೆ ಹಾಡಿ ತೋರಿಸಬೇಕು."

ಟೀಚರು ಅವಳನ್ನು ಎದುರಿಗೆ ಕೂರಿಸಿ ತೊಡೆಯ ಮೇಲೆ ತಾಳ ಹಾಕಿಸಿದರು. ಕೈಯ ಒಂದು ಪೆಟ್ಟಿಗೆ ಒಂದು ಸ್ವರ, ಗಡಿಬಿಡಿ ಮಾಡಬೇಡ ಎಂದರು. ಹಲೀಮಾಳ ಕೈ ಮುಂದೆ ಮುಂದೆ ಓಡುತ್ತಿತ್ತು. ಎರಡನೆಯ ಸಾಲಿಗೆ ಬಂದಾಗ ಟೀಚರು ಒಂದು 'ಪ'ವನ್ನು ಹಿಡಿದು ಎಳೆದರು. ಹಲೀಮಾ ಕೈ ನಿಲ್ಲಿಸಿದಳು.

"ನಾನು ಹೊಸ ಸ್ವರ ಹೇಳದಿದ್ದರೆ ತಾಳ ನಿಲ್ಲುತ್ತದೆಯಾ? ಎಳೆಯುವಾಗಲೂ ಕೈ ಬೀಳಬೇಕು. ಅಲ್ಪವಿರಾಮ ಹಾಕಿದ್ದು ಅದಕ್ಕೇ."

ಹಲೀಮಾ ಹಾಳೆಯನ್ನು ಎಳೆದುಕೊಂಡು ನೋಡಿದಳು. ಅಲ್ಪವಿರಾಮವನ್ನು ಅವಳು ಎಲ್ಲ ಪುಸ್ತಕಗಳಲ್ಲಿ ಹೊಡೆಯುವ ಹಾಗೆ ಅಕ್ಷರದ ಬಾಲಕ್ಕೇ ಅಂಟಿಸಿ ಹೊಡೆದಿದ್ದಳು; ಟೀಚರ ಹಸ್ತಪ್ರತಿಯಲ್ಲಿ ಅದಕ್ಕೂ ಒಂದು ಮನೆ ಇತ್ತು. ಚುಕ್ಕೆಯ ಸಾಲಿನಲ್ಲಿ ಅವಳು ಆ ಮನೆಯನ್ನು ಲೆಕ್ಕಕ್ಕೆ ಹಿಡಿದಿದ್ದಳು, ಸ್ವರದ ಸಾಲಿನಲ್ಲಿ ಬಿಟ್ಟಿದ್ದಳು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಟೀಚರು ಒಳಗೆ ಹೋಗಿ ಬೆಲ್ಲ ಮತ್ತು ನೀರು ತಂದುಕೊಟ್ಟರು. ಆಗ ಹಲೀಮಾ ಗುರುವಾರದ ಕಥೆಯನ್ನು ತಾನಾಗಿ ಹೇಳಿದಳು. ನನ್ನ ಪುಸ್ತಕಕ್ಕಾಗಿ ನಿನ್ನ ಮದುವೆ ತಪ್ಪಬಾರದು ಮಗಾ ಎಂದು ಟೀಚರು ಬೇಸರಪಟ್ಟರು.

ಸೋಮವಾರ ಪುಟ ಸರಿ ಬಂತು. ರಿಗೂ ನಿಗೂ ಗುಡಿಸಿನ ಮೇಲೆ, ಬೇಕಾದಷ್ಟು ಜಾಗ ಬಿಟ್ಟು, ಎಲ್ಲ ಚುಕ್ಕೆಗಳೂ ಒಂದೇ ಎತ್ತರದಲ್ಲಿ. ಆಮೇಲೂ ಕಾಟ ತಪ್ಪಲಿಲ್ಲ. ಪುಟದ ಕೊನೆಯಲ್ಲಿ ಚುಕ್ಕೆಗಳ ಸಾಲು ಒಂಟಿಯಾಗಿ ಉಳಿದು ಸ್ವರಗಳು ಮುಂದಿನ ಪುಟಕ್ಕೆ ಹೋಗುತ್ತಿದ್ದವು. ಮೂರು ಸಾಲನ್ನೂ ಒಂದು ಕಟ್ಟಾಗಿ ಕಟ್ಟುವ ಸಂಕೇತವನ್ನು ಮಧ್ವರಾಜರು ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಹುಡುಕಿಕೊಟ್ಟರು.

ಪುಸ್ತಕ ಅಚ್ಚಾಗುವ ಹೊತ್ತಿಗೆ ಜಮಾಲನ ರಜೆ ಮುಗಿದಿತ್ತು. ಉಪ್ಪ ಒಮ್ಮೆ ಹೂಡೆಗೆ ಹೋಗಿ ಕ್ಷಮೆ ಕೇಳಿ ಬಂದರು. ಅಲ್ಲಿ ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಮುಂದೆ ಆ ಹುಡುಗನ ನಿಕಾಹ್ ಬೇರೆ ಕಡೆ ಆಯಿತೆಂದು ಸುದ್ದಿ ಬಂತು. ಹಲೀಮಾಳಿಗೆ ಹಗುರವಾದಂತೆ ಆಯಿತು. ಅವನನ್ನು ಅವಳು ನೋಡಿಯೇ ಇರಲಿಲ್ಲ. ಆದರೂ ಅವನು ಹೇಗಿದ್ದಿರಬಹುದೆಂದು ಬಸ್ಸಿನಲ್ಲಿ ಕೂತು ಯೋಚಿಸಿದ್ದುಂಟು.

ಟೀಚರು ಕೊಟ್ಟ ಪ್ರತಿಯನ್ನು ಮನೆಗೆ ತಂದು ಉಮ್ಮನ ಕೈಗಿಟ್ಟಳು. ಉಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪುಟವನ್ನು ಚಿಮಿಣಿ ದೀಪದ ಹತ್ತಿರ ಹಿಡಿದು, ಬೆರಳಿನ ತುದಿಯಿಂದ ಮೇಲಿನ ಸಾಲನ್ನು ಸವರಿದರು.

"ಇಷ್ಟು ಚಿಕ್ಕದಕ್ಕಾ?"

"ಹೌದು ಉಮ್ಮ."

ಉಮ್ಮ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟರು. ಬೆಳಪು ಊರಿನಿಂದ ಒಬ್ಬರು ಹುಡುಗಿ ಕೇಳಿಸಿದ್ದಾರೆ, ಅವರು ನೋಡಲು ಬರುವ ದಿನ ರಜೆಯೇ ಹಾಕಬೇಕೆಂದರು. ಹಲೀಮಾ ಹಾಕುತ್ತೇನೆಂದಳು. ಮನಸ್ಸಿನಿಂದಲೇ ಹೇಳಿದಳು. ಆದರೆ ಅಂದು ಬೆಳಿಗ್ಗೆಯೇ ಕಾರ್ಕಳದಿಂದ ಬ್ಯಾಪ್ಟಿಸ್ಟ್ ಎಂಬ ಮಾಸ್ಟ್ರು ತಮ್ಮ ಇಗರ್ಜಿಯ, ಅಂದರೆ ಚರ್ಚಿನ, ಹಾಡುಗಳ ಕಟ್ಟು ತಂದು ಮಧ್ವರಾಜರ ಮೇಜಿನ ಮೇಲೆ ಇಟ್ಟಿದ್ದರು. ಐದೈದು ಗೆರೆ, ಅದರ ಮೇಲೆ ಬಾಲವಿದ್ದ ಸ್ವರಗಳು, ಕೆಳಗೆ ಕನ್ನಡ ಅಕ್ಷರದಲ್ಲಿ ಕೊಂಕಣಿ. ಒತ್ತಕ್ಷರಗಳು ಕೆಳಗಿನ ಗೆರೆಗೆ ತಾಗದ ಹಾಗೆ ಆ ಗೆರೆಯನ್ನು ಎಷ್ಟು ಇಳಿಸಬೇಕು ಎಂಬುದು ತಿಳಿಯದೆ, ಅವಳು ರಾತ್ರಿ ಚಾಪೆಯ ಮೇಲೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿದಳು.