ವಿಭೂತಿ ಚನ್ನಬಸಮ್ಮನ ಮೂರು ದಿನದ ಜ್ವರ

ಜ್ವರ ಎಷ್ಟು ದಿನದಿಂದ ಎಂದು ಕೇಳಿದ್ದು ಡಾಕ್ಟರಲ್ಲ, ಆಸ್ಪತ್ರೆಯ ವಿಮೆ ಕೌಂಟರಿನ ನಟರಾಜ್. ಕೇಳಿದವನೂ ಅವನೇ, ಉತ್ತರ ಹೊಂದಿಸಿದವನೂ ಅವನೇ.

“ಮೂರು ದಿನ ಬರ್ಕೊಳ್ಳಾ? ಒಂದು ವಾರ ಅಂದ್ರೆ, ಅಲ್ಲೀತಂಕ ಏನ್ ಕಡ್ಲೆಕಾಯಿ ತಿಂತಾ ಕೂತಿದ್ರಾ ಅಂತ ಕಂಪ್ನಿಯೋರು ಕೇಳ್ತಾರೆ.”

“ಮೂರೇ ಇರ್ಲಿ ಸಾ,” ಎಂದ ಚನ್ನಬಸಮ್ಮನ ಮಗ ಗುರುಪ್ರಸಾದ್.

“ಜೊತೆಗೆ ವಾಂತಿ. ವಾಂತಿ ಇದ್ರೆ ಡ್ರಿಪ್ ಹಾಕ್ಬೋದು. ಡ್ರಿಪ್ ಇದ್ರೆ ಅಡ್ಮಿಷನ್ ಗಟ್ಟಿ.”

ನಟರಾಜ್ ನಾಲಗೆಗೆ ಬೆರಳು ಒತ್ತಿ ಒತ್ತಿ ಹಾಳೆ ತಿರುವುತ್ತಿದ್ದ. ಒದ್ದೆ ಬೆರಳಿನ ಗುರುತು ಅವ್ವನ ಹೆಸರಿನ ಮೇಲೆಯೇ ಮೂಡಿದ್ದನ್ನು ಅವನ ತಂಗಿ ಪವಿತ್ರ ನೋಡಿದಳು.

ಪಕ್ಕದ ಕುರ್ಚಿಯಲ್ಲಿ ಅವ್ವ ಚನ್ನಬಸಮ್ಮ ಸೆರಗು ಹೊದ್ದು ಕೂತಿದ್ದಳು. ಅವಳಿಗೆ ಜ್ವರವೂ ಇರಲಿಲ್ಲ, ವಾಂತಿಯೂ ಇರಲಿಲ್ಲ. ಅವಳ ತೊಂದರೆ ಕಾಲಿನದು. ಒಂದು ವರ್ಷದಿಂದ ಎರಡೂ ಪಾದ ಅರಳೆಯ ಮೇಲೆ ಇಟ್ಟಂತೆ ಆಗಿದ್ದವು. ನೆಲ ಸುಡುತ್ತಿದೆಯೋ ತಣ್ಣಗಿದೆಯೋ ತಿಳಿಯುತ್ತಿರಲಿಲ್ಲ. ಹೋದ ವಾರ ಹೆಮ್ಮಿಗೆಯ ಮನೆಯಲ್ಲಿ ನೀರೊಲೆಯಿಂದ ಉರುಳಿದ ಕೆಂಡದ ಮೇಲೆ ಕಾಲಿಟ್ಟು ನಿಂತು, “ಏನೋ ಸೀದಂಗದೆ ನೋಡವ್ವ” ಎಂದು ಮಗಳನ್ನು ಕರೆದಿದ್ದಳು. ಸೀಯುತ್ತಿದ್ದದ್ದು ಅವಳದೇ ಹಿಮ್ಮಡಿ. ಆ ವಾಸನೆ ಪವಿತ್ರಳ ಮೂಗಿನಿಂದ ಇನ್ನೂ ಹೋಗಿರಲಿಲ್ಲ.

ಕಾಲಿಗೆ ಏನಾಗಿದೆ ಎಂದು ತಿಳಿಯಬೇಕಿತ್ತು. ಅಷ್ಟಕ್ಕೇ ಹೆಮ್ಮಿಗೆಯಿಂದ ಎರಡು ಬಸ್ಸು ಹಿಡಿದು ನಂಜನಗೂಡಿಗೆ ಬಂದಿದ್ದರು. ಅಣ್ಣ ಗುರುಪ್ರಸಾದ್ ಇಲ್ಲಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಎಂಟು ತಿಂಗಳ ಹಿಂದೆ ಅಪ್ಪ ಅವ್ವ ಇಬ್ಬರ ಹೆಸರಿಗೂ ಖಾಸಗಿ ಆರೋಗ್ಯ ವಿಮೆ ಮಾಡಿಸಿದ್ದ. ಕೈಯಲ್ಲಿ ಕಾರ್ಡಿದ್ದ ಮೇಲೆ ಪರೀಕ್ಷೆಗೆ ಯಾಕೆ ಯೋಚನೆ ಎಂದು ಧೈರ್ಯವಾಗಿ ಕರೆತಂದಿದ್ದ.

“ಬರೀ ಟೆಸ್ಟ್‌ಗೆ ವಿಮೆ ದುಡ್ಡು ಬರಲ್ಲ ಗುರು,” ನಟರಾಜ್ ಪಾಠ ಹೇಳಿದ. “ಮಲಗ್ಬೇಕು. ಒಂದಿನ ಆದ್ರೂ ಮಲಗ್ಬೇಕು. ಇನ್ನೊಂದು ವಿಷ್ಯ. ಕಾಲು ಜೋಮು ವರ್ಷದಿಂದ ಅಂತ ಯಾರ ಬಾಯಲ್ಲೂ ಬರ್ಬಾರ್ದು. ಪಾಲಿಸಿ ಎಂಟು ತಿಂಗ್ಳುದು, ಕಾಯ್ಲೆ ಅದಕ್ಕಿಂತ ಹಳೇದು. ಗೊತ್ತಾದ್ರೆ ಕ್ಲೈಮ್ ಎಗರ್ತದೆ. ಡಾಕ್ಟ್ರ ಮುಂದೇನೂ ಅನ್ಬೇಡಿ, ಅವ್ರು ಕೇಳಿದ್ದೆಲ್ಲ ಬರ್ಕೊತಾರೆ.”

“ಡಾಕ್ಟ್ರಿಗೇ ಏಳ್ಬಾರ್ದಾ?” ಅವ್ವ ಮೆಲ್ಲಗೆ ಕೇಳಿದಳು.

“ನೀ ಸುಮ್ಕಿರವ್ವ,” ಎಂದ ಗುರುಪ್ರಸಾದ್.

ಅಪ್ಪ ಪುಟ್ಟಬಸವಯ್ಯ ತಲೆಯಾಡಿಸಿದರು. ಪವಿತ್ರ ತಲೆ ತಗ್ಗಿಸಿದಳು. ಬಿ.ಎ. ಮುಗಿಸಿದ್ದರೂ ಬಸ್ಸಿನಲ್ಲಿ ‘ಇಳೀಬೇಕು’ ಎಂದು ಕೂಗಲು ನಾಚಿಕೆಯಾಗಿ ಮುಂದಿನ ಊರಿನವರೆಗೆ ಹೋಗಿ, ನಡೆದು ವಾಪಸು ಬಂದ ಹುಡುಗಿ ಅವಳು. ಅವಳಿಗೆ ಅಸಹ್ಯವಾದಾಗ ಆಗುತ್ತಿದ್ದುದು ಇಷ್ಟೇ: ಬಾಯಲ್ಲಿ ನೀರು ಊರುತ್ತಿತ್ತು, ಅದನ್ನು ನುಂಗುತ್ತಿದ್ದಳು.

ನುಂಗಿಕೊಂಡದ್ದು ಇದೊಂದೇ ಅಲ್ಲ. ಅವ್ವನ ಇನ್ನೊಂದು ಸಂಗತಿ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಊರಿನಲ್ಲಿ ಅವ್ವನಿಗೆ ವಿಭೂತಿ ಚನ್ನಬಸಮ್ಮ ಎಂದೇ ಹೆಸರು. ಲಿಂಗಪೂಜೆಯಾದ ಮೇಲೆ ಹಣೆಗೆ ವಿಭೂತಿ ಧರಿಸಿ ಚಿಟಿಕೆಯಷ್ಟು ನಾಲಗೆಗೂ ಹಾಕಿಕೊಳ್ಳುವುದು ಎಲ್ಲರ ಮನೆಯ ಪದ್ಧತಿ. ಬೇರೆಯವರ ಮನೆಯಲ್ಲಿ ಒಂದು ಗಟ್ಟಿ ತಿಂಗಳುಗಟ್ಟಲೆ ಬಂದರೆ ಇವರ ಮನೆಯಲ್ಲಿ ಎರಡು ದಿನಕ್ಕೊಂದು ಗಟ್ಟಿ ಕರಗುತ್ತಿತ್ತು. ಅಪ್ಪ ಅದನ್ನು ಜಗಲಿಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದರು: “ನಮ್ಮವಳು ಮೂರೊತ್ತು ಪೂಜೆ ಮಾಡ್ತಳೆ ಕಣ್ರೀ, ಮೈ ತುಂಬಾ ಧರಿಸ್ತಳೆ.” ಮಾತು ಮಠದವರೆಗೂ ಹೋಯಿತು. ಹೋದ ಶ್ರಾವಣದಲ್ಲಿ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಶಾಲಿನೊಳಗೆ ಅವ್ವ ಗಡಗಡ ನಡುಗುತ್ತಿದ್ದಳು. ಭಕ್ತಿಯಿಂದ ನಡುಗುತ್ತಿದ್ದಾಳೆ ಎಂದರು ಜನ.

ಅವ್ವ ವಿಭೂತಿಯನ್ನು ಧರಿಸುತ್ತಿರಲಿಲ್ಲ, ತಿನ್ನುತ್ತಿದ್ದಳು. ದನದ ಕೊಟ್ಟಿಗೆಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತು, ಬೆಲ್ಲ ಕಡಿದಂತೆ ಕಟುಂ ಕಟುಂ ಎಂದು ಕಡಿದು ತಿನ್ನುತ್ತಿದ್ದಳು. ಕಟವಾಯಲ್ಲಿ ಬಿಳಿ ನೊರೆ ಇಳಿಯುತ್ತಿತ್ತು. ಮೊದಲ ಸಲ ನೋಡಿದಾಗ ಪವಿತ್ರ ಓಡಿಹೋಗಿ ಹಿತ್ತಲಲ್ಲಿ ವಾಂತಿ ಮಾಡಿಕೊಂಡಿದ್ದಳು. ಆಮೇಲೆ ಅವ್ವ ಕಲಸಿಕೊಟ್ಟ ತುತ್ತನ್ನು ಬಾಯಿಗಿಡಲು ಅವಳಿಂದ ಆಗಲೇ ಇಲ್ಲ. ಹೆತ್ತವ್ವನ ಕೈಯ ಬಗ್ಗೆ ಹೇಸಿಗೆ ಪಡುವ ತಾನು ಎಂಥವಳು ಎಂದು ತನ್ನ ಮೇಲೂ ಹೇಸಿಗೆಯಾಗುತ್ತಿತ್ತು.

ಮೂರನೇ ವಾರ್ಡಿನಲ್ಲಿ ಅವ್ವನನ್ನು ಮಲಗಿಸಿದರು. ಫಿನಾಯಿಲು, ಹಳಸಿದ ಇಡ್ಲಿ, ಯಾರದೋ ಉಚ್ಚೆಯ ಚೀಲ, ಎಲ್ಲ ಬೆರೆತ ಗಬ್ಬು. ಹಾಸಿಗೆಯ ಬಟ್ಟೆಯ ಮೇಲೆ ಹಿಂದಿನವರ ಕಂದು ಕಲೆ ಒಗೆದರೂ ಹೋಗದೆ ಉಳಿದಿತ್ತು. ಇಲ್ಲದ ಜ್ವರಕ್ಕೆ ಡ್ರಿಪ್ ಏರಿತು. ಇಲ್ಲದ ಜ್ವರಕ್ಕೆ ಡೆಂಗಿ, ಮಲೇರಿಯಾ, ಟೈಫಾಯ್ಡ್ ಪರೀಕ್ಷೆಗೆ ಸಿರಿಂಜು ಸಿರಿಂಜು ರಕ್ತ ಎಳೆದರು. ಮೊದಲೇ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿದ್ದ ಹೆಂಗಸು, ಅವಳಿಂದ ರಕ್ತ.

ಆಮೇಲೆ ಎದೆಯ ಎಕ್ಸ್-ರೇ. ಕೊರಳಿನ ಲಿಂಗದ ಕರಡಿಗೆ ಬಿಚ್ಚಿಡಿ ಎಂದ ಅಲ್ಲಿದ್ದವನು. ಮೈಮೇಲಿಂದ ಲಿಂಗವನ್ನು ತೆಗೆಯುವುದು ಅವ್ವನ ಜನ್ಮದಲ್ಲಿ ಇಲ್ಲದ ಮಾತು. ಕೊನೆಗೆ ಅದನ್ನು ಮುಂಗೈಗೆ ಕಟ್ಟಿಕೊಂಡು ಒಳಗೆ ಹೋದಳು. ಆಚೆ ಬಂದಾಗ ಕಣ್ಣಲ್ಲಿ ನೀರಿತ್ತು.

“ಎದೆಗೆ ಏನೂ ಆಗಿಲ್ವಲ್ಲ ಅಣ್ಣ. ಇದ್ಯಾಕೆ?” ಪವಿತ್ರ ಕೇಳಿದಳು.

“ಫೈಲು ದಪ್ಪ ಇರ್ಬೇಕಂತೆ ಕಣೇ. ತೆಳ್ಳಗಿದ್ರೆ ಅನುಮಾನ ಪಡ್ತಾರಂತೆ.”

ಸಂಜೆ ಡಾಕ್ಟರು ಬಂದರು. ಆಶಾರಾಣಿ ಎಂದು ಕೋಟಿನ ಮೇಲೆ ಹೆಸರಿತ್ತು. ಪವಿತ್ರಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದಳು. ಅವ್ವನ ಉಗುರು ಹಿಡಿದು ನೋಡಿದಳು. ಅವು ಉಬ್ಬುವ ಬದಲು ಚಮಚದಂತೆ ತಗ್ಗಾಗಿದ್ದವು.

“ರಕ್ತ ಆರು ಪಾಯಿಂಟ್ ಇದೆ. ಮೂರು ದಿನದ ಜ್ವರಕ್ಕೆ ಹೀಗಾಗಲ್ಲ. ಇದು ಕಬ್ಬಿಣದ ಅಂಶ ಇಲ್ಲದೆ ವರ್ಷಗಟ್ಟಲೆ ಬತ್ತಿರೋ ಮೈ. ಅಮ್ಮ, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ, ಅಂಥದ್ದೇನಾದ್ರೂ ತಿನ್ನಬೇಕು ಅನ್ಸುತ್ತಾ?”

ಅವ್ವನ ಕಣ್ಣು ಪವಿತ್ರಳ ಕಡೆ ಹೊರಳಿತು.

“ಛೇ ಛೇ, ಏನ್ ಮಾತು ಅಂತ ಆಡ್ತೀರಿ,” ಅಪ್ಪ ಎದ್ದು ನಿಂತರು. “ನಾವು ಮಠದ ಭಕ್ತರು. ನಮ್ಮನೇಲಿ ಮೊಟ್ಟೆನೂ ಮುಟ್ಟಲ್ಲ.”

“ಮೊಟ್ಟೆ ತಿಂತೀರಾ ಅಂತ ಕೇಳಲಿಲ್ಲ ಯಜಮಾನ್ರೇ. ಹಾಲು ಮೊಸರು ತಗೋತಾರಾ ಅಮ್ಮ?”

ಅಪ್ಪ ಮತ್ತೆ ಕುರ್ಚಿಯಲ್ಲಿ ಕೂತರು. ಎರಡು ಹಸುವಿನ ಹಾಲು ಡೇರಿಗೆ ಹೋಗುತ್ತಿತ್ತು. ಮಿಕ್ಕಿದ್ದು ಅಪ್ಪನಿಗೆ. ಅವ್ವ ಎಲ್ಲರದ್ದೂ ಆದ ಮೇಲೆ ತಳದ ಸಾರಿನಲ್ಲಿ ಮುದ್ದೆ ಉಣ್ಣುತ್ತಿದ್ದಳು. ಸೋಮವಾರ ಅದೂ ಇಲ್ಲ.

“ಕೈಕಾಲು ಜೋಮು ಇದ್ಯಾ?”

“ಇಲ್ಲ ಮೇಡಂ,” ಗುರುಪ್ರಸಾದ್ ತಟಕ್ಕನೆ ಹೇಳಿದ. “ಬರೀ ಜ್ವರ. ಮೂರು ದಿನದಿಂದ.”

“ಜೋಮು ಇದ್ದಿದ್ರೆ ಬಿ-ಹನ್ನೆರಡು ಅನ್ನೋ ವಿಟಮಿನ್ ನೋಡಿಸ್ಬೇಕಾಗಿತ್ತು. ಅದು ಬಹಳ ದಿನ ಕಮ್ಮಿ ಇದ್ರೆ ನರ ಹಾಳಾಗ್ತವೆ, ತಡ ಮಾಡಿದ್ರೆ ವಾಪಸ್ ಬರೋದೂ ಕಷ್ಟ. ಇಲ್ಲ ಅಂತೀರಲ್ಲ, ಸರಿ. ಕಬ್ಬಿಣದ ಡ್ರಿಪ್ ಹಾಕಿ ನಾಳೆ ಕಳಿಸ್ತೀನಿ.”

ಅವಳು ಬರೆದುಕೊಂಡು ಪಕ್ಕದ ಹಾಸಿಗೆಗೆ ಹೋದಳು. ಗುರುಪ್ರಸಾದ್ ಉಸ್ಸೆಂದು ಬೆವರು ಒರೆಸಿಕೊಂಡ. ಗೆದ್ದವನ ಮುಖ.

ಪವಿತ್ರಳ ಬಾಯಲ್ಲಿ ನೀರು ಊರಿತು. ನುಂಗಿದಳು.

ಅವ್ವ ಬಚ್ಚಲಿಗೆ ಹೋಗಬೇಕೆಂದಳು. ಪವಿತ್ರ ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿದು ಜೊತೆಗೆ ಹೋದಳು. ವಾರ್ಡಿಗೆಲ್ಲ ಒಂದೇ ಕಕ್ಕಸು. ನೆಲದಲ್ಲಿ ನೀರು ನಿಂತಿತ್ತು, ಮೂಲೆಯಲ್ಲಿ ರಕ್ತದ ಹತ್ತಿ ಉಬ್ಬಿ ತೇಲುತ್ತಿತ್ತು. ಅವ್ವನ ಚಪ್ಪಲಿ ಬಾಗಿಲಲ್ಲೇ ಕಳಚಿಕೊಂಡಿದ್ದು ಅವಳಿಗೆ ತಿಳಿಯಲೇ ಇಲ್ಲ. ಬರಿಗಾಲಲ್ಲಿ ಆ ನೀರಿನೊಳಗೆ ನಿಂತು, ಕುಪ್ಪಸದೊಳಗಿಂದ ಚಿಕ್ಕ ಗಂಟು ತೆಗೆದಳು.

“ಅವ್ವಾ, ಇಲ್ಲಿ ಬ್ಯಾಡ. ಈ ಹೊಲಸಲ್ಲಿ…”

ಅವ್ವ ಆಗಲೇ ಕಡಿದಿದ್ದಳು. ಕಟುಂ. ವಿಭೂತಿಯ ಪುಡಿ ಗದ್ದದ ಮೇಲೆ ಉದುರಿತು. ಕಣ್ಣು ಮುಚ್ಚಿ ಅಗಿದಳು, ಚೀಪಿದಳು, ಬೆರಳು ನೆಕ್ಕಿದಳು. ಒಂದು ಕೈಯೊಳಗೆ ಸೂಜಿಯಿಂದ ಡ್ರಿಪ್ಪು ಇಳಿಯುತ್ತಿತ್ತು, ಇನ್ನೊಂದು ಕೈ ಬಾಯಲ್ಲಿತ್ತು. ಪವಿತ್ರಳಿಗೆ ಗಂಟಲಿನವರೆಗೆ ಹುಳಿ ಬಂತು. ಆದರೂ ಈ ಸಲ ಬಾಟಲಿ ಹಿಡಿದಿದ್ದರಿಂದ ಓಡಿಹೋಗುವಂತಿರಲಿಲ್ಲ. ನಿಂತು ನೋಡಲೇಬೇಕಾಯಿತು.

“ಬುಡಕ್ಕಾಯ್ತಿಲ್ಲ ಕಣವ್ವ,” ಅವ್ವ ಬಾಯಿ ಒರೆಸಿಕೊಂಡಳು. “ಅಣೆಗಿಡೋದ ಒಟ್ಟೆಗಿಟ್ಕಂಡೆ. ಅದ್ಕೇ ಶಿವ ನನ್ ಕಾಲ ಕಿತ್ಕತಾವ್ನೆ. ಶಾಲು ಬ್ಯಾರೆ ಒದ್ಸುದ್ರು. ಅವತ್ತೇ ಸತ್ತೋಗಿದ್ರೆ ಆಗಿತ್ತು.”

“ಶಿವ ಅಲ್ಲ ಕಣವ್ವ. ಡಾಕ್ಟ್ರು ಕೇಳಿದ್ದು ಇದನ್ನೇ.”

“ಏಳ್ಬ್ಯಾಡ. ನಿಮ್ಮಪ್ಪನ ಮಾನ ಓಯ್ತದೆ.”

ಪವಿತ್ರ ಅವ್ವನ ಬಾಯಿ ತೊಳೆಸಿದಳು. ಬಿಳಿಯ ಎಂಜಲು ಅವಳ ಬೆರಳಿಗೆ ಹತ್ತಿ ಅಂಟಂಟಾಯಿತು. ಹೇಸಿಗೆ ಹೋಗಲಿಲ್ಲ. ಆದರೆ ಅದು ಅವ್ವನ ಮೇಲಿನಿಂದ ಜಾರಿ ಬೇರೆಯವರ ಮೇಲೆ ಹೋಗಿ ಕೂತಿತು. ಹಾಲು ಕುಡಿದು ಜಗಲಿಯಲ್ಲಿ ಭಕ್ತಿ ಮಾರಿದ ಅಪ್ಪ. ನಡುಗುವ ಹೆಂಗಸಿಗೆ ಶಾಲು ಹೊದಿಸಿ ಕೈ ಮುಗಿದ ಜನ. ಕಾರ್ಡಿಗೋಸ್ಕರ ಕಾಲನ್ನೇ ಬಿಟ್ಟುಕೊಟ್ಟ ಅಣ್ಣ. ಒದ್ದೆ ಬೆರಳಿನ ನಟರಾಜ್. ಎಲ್ಲ ಕಂಡೂ ಬಾಯಿ ಮುಚ್ಚಿಕೊಂಡಿದ್ದ ತಾನು. ಈ ಕಕ್ಕಸಿಗಿಂತ ಗಲೀಜು ಇದು ಎನಿಸಿತು.

ವಾಪಸು ಬರುವಾಗ ಆಶಾರಾಣಿ ಪಕ್ಕದ ಹಾಸಿಗೆಯ ಬಳಿಯೇ ಇದ್ದಳು. ನಟರಾಜ್ ಅವ್ವನ ಫೈಲು ಹಿಡಿದು ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಪವಿತ್ರ ಅವ್ವನನ್ನು ಮಲಗಿಸಿ ಬಾಟಲಿಯನ್ನು ಕೊಕ್ಕೆಗೆ ಸಿಕ್ಕಿಸಿದಳು.

“ಡಾಕ್ಟ್ರೇ,” ಎಂದಳು. ಧ್ವನಿ ಕೀರಲಾಯಿತು. “ನಮ್ಮವ್ವನಿಗೆ ಜ್ವರ ಇಲ್ಲ. ಬಂದೇ ಇಲ್ಲ. ಒಂದು ವರ್ಷದಿಂದ ಕಾಲು ಜೋಮು. ಕೆಂಡ ತುಳಿದ್ರೂ ಗೊತ್ತಾಗಲ್ಲ. ವಿಭೂತಿ ತಿಂತಾಳೆ. ಎರಡು ದಿನಕ್ಕೊಂದು ಗಟ್ಟಿ. ಈಗ್ಲೂ ತಿಂದ್ಲು.”

ಪಕ್ಕದ ಹಾಸಿಗೆಯವರು ಎದ್ದು ಕೂತು ನೋಡಿದರು.

“ಏನ್ ಬೊಗಳ್ತೀಯೇ!” ಗುರುಪ್ರಸಾದ್ ಅವಳ ರಟ್ಟೆ ಹಿಡಿದ. “ಊಟಕ್ಕೂ ಬಾಯ್ ಬಿಡದೋಳು, ಇವತ್ತೇ ಬಿಡ್ಬೇಕಿತ್ತಾ?”

“ಮೇಡಂ, ಅದೆಲ್ಲ ಬರೀಬೇಡಿ, ಫೈಲ್ ಕಾಪಿ ಆಗ್ಲೇ ಕಂಪ್ನಿಗೆ ಹೋಗಾಗಿದೆ,” ನಟರಾಜ್ ಮುಂದೆ ಬಂದ.

ಆಶಾರಾಣಿ ಇಬ್ಬರನ್ನೂ ಸರಿಸಿ ಹಾಸಿಗೆಯ ಬಳಿ ಬಂದಳು. ಜೇಬಿನಿಂದ ನರ ಪರೀಕ್ಷಿಸುವ ಲೋಹದ ಕವಲುಕಡ್ಡಿ ತೆಗೆದು ಅಂಗೈಗೆ ಬಡಿದು, ಗುಂಯ್‌ಗುಡುತ್ತಿದ್ದಂತೆ ಅವ್ವನ ಕೈಗಿಟ್ಟಳು. “ಗೊತ್ತಾಯ್ತದೆ,” ಎಂದಳು ಅವ್ವ. ಮತ್ತೆ ಬಡಿದು ಕಾಲಿನ ಹರಡಿಗಿಟ್ಟಳು. ಅವ್ವ ಕಾದಳು. ಎಲ್ಲರೂ ಕಾದರು.

“ಇಟ್ರಾ ತಾಯಿ?” ಎಂದಳು ಅವ್ವ.

ಆಶಾರಾಣಿ ಕೇಸ್ ಶೀಟಿನ ಮೊದಲ ಸಾಲಿಗೆ ಉದ್ದಕ್ಕೆ ಗೀಟು ಎಳೆದಳು. ಕೆಳಗೆ ಬರೆಯುತ್ತಾ ಹೇಳಿದಳು: “ಅಮ್ಮ, ಇದು ಚಪಲ ಅಲ್ಲ, ಕಾಯಿಲೆ. ರಕ್ತದಲ್ಲಿ ಕಬ್ಬಿಣ ಬತ್ತಿದ್ರೆ ಹೀಗೆ ಮಣ್ಣು ಬೂದಿ ತಿನ್ನೋ ಆಸೆ ಹುಟ್ಟುತ್ತೆ. ಕಾಲಿಂದು ಬೇರೆ ಕೊರತೆ ಇರ್ಬೇಕು. ಪರೀಕ್ಷೆಗೆ ಒಂದೇ ಟ್ಯೂಬ್ ರಕ್ತ ಸಾಕು. ಮಲಗೋ ಅಗತ್ಯನೇ ಇರಲಿಲ್ಲ ನಿಮಗೆ.”

“ಸಾಪ ಅಲ್ವಾ?”

“ಅಲ್ಲ.”

ಅವ್ವ ಗೋಡೆಗೆ ತಿರುಗಿ ಮಲಗಿದಳು. ಬೆನ್ನು ಕುಲುಕುತ್ತಿತ್ತು.

ಮಾರನೆಯ ಮಧ್ಯಾಹ್ನ ರಿಪೋರ್ಟು ಬಂತು. ವಿಟಮಿನ್ನಿನ ಎದುರು ಸಂಖ್ಯೆಯೇ ಇರಲಿಲ್ಲ. ಯಂತ್ರ ಅಳೆಯುವ ಕನಿಷ್ಠಕ್ಕಿಂತ ಕಡಿಮೆ ಎಂದಿತ್ತು. ಮೊದಲ ಇಂಜೆಕ್ಷನ್ ಚುಚ್ಚಿ, ಉಳಿದದ್ದನ್ನು ಊರಿನ ಹತ್ತಿರವೇ ಹಾಕಿಸಿಕೊಳ್ಳಿ, ಎಷ್ಟು ಸರಿಹೋಗುತ್ತದೋ ನೋಡೋಣ, ಪೂರ್ತಿ ಎಂದು ಮಾತು ಕೊಡಲಾರೆ ಎಂದಳು ಆಶಾರಾಣಿ. ವಿಮೆಯವರು ನಿರೀಕ್ಷೆಯಂತೆಯೇ ಒಲ್ಲೆ ಎಂದರು. ‘ರೋಗಿಯ ಕಡೆಯವರು ತಪ್ಪು ಮಾಹಿತಿ ನೀಡಿದ್ದಾರೆ’ ಎಂದು ಕಾರಣ. ಆ ಕಾಗದವನ್ನು ಕೊಟ್ಟವನೂ ನಟರಾಜನೇ, ನಾಲಗೆಗೆ ಬೆರಳು ಒತ್ತಿ.

ಗುರುಪ್ರಸಾದ್ ಬಿಲ್ಲು ಕಟ್ಟಿ, ತಂಗಿಯ ಮುಖ ನೋಡದೆ ಡ್ಯೂಟಿಗೆ ಹೋದ. ನರಸೀಪುರದಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಅಪ್ಪ ಮೊದಲ ಮಾತು ಆಡಿದರು: “ಊರಲ್ಲಿ ಯಾರಾರಾ ಕೇಳುದ್ರೆ ಟೈಪಾಯ್ಡು ಅನ್ನಿ. ಮಠದೋರ ಕಿವಿಗೆ ಬೀಳ್ಬಾರ್ದು.”

“ನಾನು ಹೇಳಲ್ಲಪ್ಪ,” ಎಂದಳು ಪವಿತ್ರ.

“ಏನ?”

“ಟೈಫಾಯ್ಡ್ ಅಂತ ನಾನು ಹೇಳಲ್ಲ.”

ಅಪ್ಪ ಹಲ್ಲು ಕಚ್ಚಿದರು. ಅಷ್ಟರಲ್ಲಿ ಮರಿತಾಯಮ್ಮ ಬಸ್ಸು ಹತ್ತಿದಳು. ಇವರ ಗದ್ದೆಗೆ ಕಳೆ ಕೀಳಲು ಬರುವವಳು. ಅವ್ವನ ಕೈಯಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸಿದ್ದ ಪ್ಲಾಸ್ಟರು ಕಂಡು ಎದುರಿನ ಸೀಟಿನಲ್ಲೇ ಕೂತಳು.

“ಏನಾಗಿತ್ತು ಅಮ್ಮಾರೆ? ಆಸ್ಪತ್ರೆಗೆ ಸೇರುಸ್ಬುಟ್ಟವ್ರಂತೆ?”

“ಟೈಪಾ…” ಎಂದು ಅಪ್ಪ ಶುರು ಮಾಡಿದರು.

“ಈಬೂತಿ ತಿಂತಿದ್ದೆ ಕಣೆ ಮರಿತಾಯಿ,” ಅವ್ವ ಸಲೀಸಾಗಿ ಹೇಳಿದಳು. “ಮೈಯಾಗೆ ರಕ್ತ ಇರ್ನಿಲ್ಲ. ಸೂಜಿ ಆಕವ್ರೆ.”

“ಥೂ! ಈಬೂತಿಯ ತಿನ್ನದಾ?” ಮರಿತಾಯಮ್ಮ ಮೂಗಿಗೆ ಸೆರಗು ಹಿಡಿದಳು. ಮುಖ ಕಿವುಚಿಕೊಂಡಳು. ಅಪ್ಪ ಸೀಟು ಬಿಟ್ಟು ಎದ್ದು ಡ್ರೈವರನ ಹಿಂದೆ ಹೋಗಿ ಕಂಬಿ ಹಿಡಿದು ನಿಂತರು.

ಬಸ್ಸು ಹೊರಟಿತು. ಅಪ್ಪ ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು ಮರಿತಾಯಮ್ಮ ಸೆರಗು ಇಳಿಸಿದಳು. ಮುಂದಕ್ಕೆ ಬಾಗಿ ಪವಿತ್ರಳ ಮೊಣಕಾಲು ಮುಟ್ಟಿ, ಪಿಸುಮಾತಲ್ಲಿ ಕೇಳಿದಳು:

“ಅಸಿ ಅಕ್ಕಿ ತಿನ್ನೋರ್ಗೂ ಅದೇ ಸೂಜಿನಾ ಅವ್ವ?”