ಒಂದು ಹಿಡಿ ಕಡಿಮೆ

ನಾನು ಒಂದು ತಗಡಿನ ಡಬ್ಬಿ. ಹುಟ್ಟಿದ್ದು ಬೆಟಗೇರಿಯ ದಸ್ತಗೀರಸಾಬರ ಅಂಗಡಿಯಲ್ಲಿ. ಅದಕ್ಕೂ ಮೊದಲು ಎಣ್ಣೆಯ ಡಬ್ಬವಾಗಿದ್ದೆನಂತೆ. ಅದು ನನಗೆ ನೆನಪಿಲ್ಲ. ಆದರೆ ಬಿಸಿಲು ಬಿದ್ದಾಗ ಈಗಲೂ ಮೈಯಿಂದ ಶೇಂಗಾ ಎಣ್ಣೆಯ ವಾಸನೆ ಬರುತ್ತದೆ. ಸಾಬರು ನನ್ನನ್ನು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ ನಿಲ್ಲಿಸಿದರು. ತಳ ಮಾತ್ರ ಒಂದು ಕಡೆ ತುಸು ಓರೆಯಾಯಿತು.

"ಕುಣೀತೈತಲ್ಲೋ ಸಾಬಾ" ಎಂದಳು ನನ್ನನ್ನು ಮಾಡಿಸಲು ಬಂದಿದ್ದ ಮಾರ್ಥವ್ವ.

"ಖಾಲಿ ಇದ್ದಾಗ ಕುಣೀತೈತಿ ಯವ್ವಾ. ತುಂಬಿಸಿಡು, ಸುಮ್ಮನ ಕುಂದರತೈತಿ."

ಮಾರ್ಥವ್ವ ಮಿಶನ್ ದವಾಖಾನೆಯಲ್ಲಿ ಆಯಾ. ನನ್ನ ಹೊಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ 'ದೇವರ ಪಾಲು' ಎಂದು ಬರೆಸಿ, ಮೇಲೊಂದು ಸಣ್ಣ ಶಿಲುಬೆ ಹಾಕಿಸಿ ಒಲೆಯ ಪಕ್ಕ ಇಟ್ಟಳು. ಅವರ ಸಭೆಯ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಅನ್ನಕ್ಕೆಂದು ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಬೇಕು. ಭಾನುವಾರ ಅದನ್ನು ಗುಡಿಗೆ, ಅಂದರೆ ಅವರ ಚರ್ಚಿಗೆ, ಒಯ್ಯಬೇಕು. ಅಲ್ಲಿಂದ ಅದು ಇಲ್ಲದವರ ಮನೆಗೆ ಹೋಗುತ್ತಿತ್ತು. ಚೀಲದಿಂದ ನೇರವಾಗಿ ತೆಗೆಯುವಂತಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಸುವಾರ್ತೆ ಒಮ್ಮೆ ಹಾಗೆ ತೆಗೆದಾಗ ಮಾರ್ಥವ್ವ ಅವಳ ಕೈ ಹಿಡಿದಳು.

"ಚೀಲದಾಗಿಂದು ಕೊಟ್ರ ದಾನ ಆಕ್ಕೈತಿ ಮಗಳ. ಗಡಿಗ್ಯಾಗಿಂದು ಕೊಟ್ರ ಅವ್ರು ನಮ್ಮ ಜೋಡಿ ಕುಂತು ಉಂಡಂಗ. ನಮಗೊಂದು ಹಿಡಿ ಕಡಿಮಿ ಬೀಳಬೇಕು."

ಮಗ ಜಯಶೀಲನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ಸುವಾರ್ತೆಯ ಸಾಮಾನಿನ ಜೊತೆ ಮಾರ್ಥವ್ವ ನನ್ನನ್ನೂ ಕಳಿಸಿದಳು. ಅಲ್ಲಿ ಒಂದು ವಠಾರದ ಮನೆ. ನಮ್ಮ ಅಡುಗೆಮನೆಗೂ ಪಕ್ಕದವರ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲ್ಗಡೆ ಇಬ್ಬರಿಗೂ ಸೇರಿ ಒಂದೇ ಬೆಳಕಿಂಡಿ. ಅಲ್ಲಿಂದ ಒಗ್ಗರಣೆಯ ಘಾಟೂ ಬರುತ್ತಿತ್ತು, ಜಗಳವೂ ಬರುತ್ತಿತ್ತು.

ಸುವಾರ್ತೆ ನರ್ಸ್ ಆಗಿದ್ದಳು. ದಿನವೆಲ್ಲ ನಿಂತು ನಿಂತು ಕಾಲು ಊದಿಸಿಕೊಂಡು ಬಂದು, ಮಗಳು ಎಸ್ತರಳ ತಲೆ ಬಾಚಿ, ಅಕ್ಕಿ ತೊಳೆಯುವಷ್ಟರಲ್ಲಿ ಅವಳಿಗೆ ಹಿಡಿಯ ನೆನಪೇ ಇರುತ್ತಿರಲಿಲ್ಲ. ಭಾನುವಾರವೂ ಡ್ಯೂಟಿ. ಆದರೂ ಬಿಟ್ಟು ಬಿಟ್ಟು ನನಗಷ್ಟು ಅಕ್ಕಿ ಬೀಳುತ್ತಿತ್ತು. ಒಮ್ಮೆ ಮೂಲೆಮನೆಯ ಮುದುಕಿಗೆ ಜ್ವರ ಬಂದಾಗ ಸುವಾರ್ತೆ ಅದರಲ್ಲೇ ಗಂಜಿ ಮಾಡಿ ಒಯ್ದಳು. ನೀರಿನ ನಳದ ಹತ್ತಿರ ಪಕ್ಕದ ಮನೆಯ ರುದ್ರಪ್ಪ ನಿಂತಿದ್ದ. ಅವನು ಮದುವೆ ಅಡಿಗೆಯವ. ಸಾವಿರ ಎಲೆಗೆ ಒಬ್ಬನೇ ಸಾರು ಕುದಿಸಬಲ್ಲವ. ನಾಲಿಗೆಯೂ ಅಷ್ಟೇ ಖಾರ.

"ಏನ್ರೀ ಸಿಸ್ಟರ, ಗಂಜಿ ಜೋಡಿ ಶಿಲುಬಿನೂ ಕೊಡ್ತೀರೇನು? ಒಂದು ಬಟ್ಟಲಕ್ಕ ಒಂದು ಜೀವ ಅಂದ್ರ ಅಗ್ಗ ಆತು ಬಿಡ್ರಿ!"

ನಳದ ಬಳಿ ಇದ್ದವರೆಲ್ಲ ನಕ್ಕರು. ಸುವಾರ್ತೆ ಒಳಗೆ ಬಂದವಳೇ ನನ್ನನ್ನು ಸಿಲಿಂಡರಿನ ಹಿಂದೆ ತಳ್ಳಿದಳು. "ಕೊಡೂದೂ ತಪ್ಪಾತು" ಎಂದು ಗೋಡೆಗೆ ಹೇಳಿದಳು. ಒಂದು ವರ್ಷ ನಾನು ಅಲ್ಲಿ ಖಾಲಿ ಕುಣಿದೆ. ಯಾರಾದರೂ ಜೋರಾಗಿ ನಡೆದರೆ ಸಾಕು, ಟಕಟಕ.

ಆಮೇಲೆ ರುದ್ರಪ್ಪನ ಕೈ ಸುಟ್ಟಿತು. ಯಾವುದೋ ಮದುವೆಯಲ್ಲಿ ಕಾದ ಎಣ್ಣೆಯ ಕಡಾಯಿ ವಾಲಿ ಬಲಗೈ ಮೇಲೆ ಬಿತ್ತು. ಗಾಯ ಮಾಗಿತು, ಆದರೆ ಚರ್ಮ ಬಿಗಿದು ಬೆರಳುಗಳು ಒಣಗಿದ ಮೆಣಸಿನಕಾಯಿಯಂತೆ ಸೆಟೆದು ನಿಂತವು. ಸೌಟು ಹಿಡಿಯದ ಅಡಿಗೆಯವನನ್ನು ಯಾರು ಕರೆಯುತ್ತಾರೆ?

ಒಂದು ಮಧ್ಯಾಹ್ನ ಬೆಳಕಿಂಡಿಯಿಂದ ಸೌಟಿನ ಸಪ್ಪಳ ಬಂತು. ಕರಕರ, ಟಣಟಣ. ರುದ್ರಪ್ಪನ ಹೆಂಡತಿ ನೀಲವ್ವ ಬಾಣಲೆ ಕೆರೆಯುತ್ತಿದ್ದಳು. ಖಾಲಿ ಪಾತ್ರೆಯ ಸದ್ದು ಖಾಲಿ ಡಬ್ಬಿಗೆ ತಿಳಿಯದೇ ಇರುತ್ತದೆಯೇ? ಮಂದಿಗೆ ಒಲೆ ಹತ್ತಿದೆ ಅನ್ನಿಸಲಿ ಎಂದು ಅವಳು ಬರಿಯ ಬಾಣಲೆಗೆ ಸೌಟು ಆಡಿಸುತ್ತಿದ್ದಳು.

ಸುವಾರ್ತೆ ಅಕ್ಕಿ ಅಳೆಯುತ್ತಿದ್ದವಳು ಹಾಗೇ ನಿಂತಳು. ಮೂಗು ಮೇಲೆತ್ತಿದಳು. ಸದ್ದು ಇದೆ, ವಾಸನೆ ಇಲ್ಲ. ಅವಳ ಮುಖದಲ್ಲಿ ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, 'ಅನುಭವಿಸಲಿ' ಎಂಬುದೂ ಬಂದುಹೋಯಿತು. ಆಮೇಲೆ ಬಗ್ಗಿ, ಸಿಲಿಂಡರಿನ ಹಿಂದಿನಿಂದ ನನ್ನನ್ನು ಎಳೆದು ಸೆರಗಿನಿಂದ ಧೂಳು ಒರೆಸಿದಳು. ಆ ದಿನ ಒಂದಲ್ಲ, ನಮ್ಮ ಮನೆಯ ಮೂವರ ಲೆಕ್ಕದಲ್ಲಿ ಮೂರು ಹಿಡಿ ಹಾಕಿದಳು.

"ಅವ್ವಾ, ಅನ್ನ ಸಾಲವಲ್ತು" ಎಂದಳು ಎಸ್ತರ.

"ನೀರು ಕುಡಿ."

ದಿನ ಬಿಟ್ಟು ದಿನ, ಡ್ಯೂಟಿಗೆ ಹೋಗುವ ಮುಂಚೆ, ನನ್ನಲ್ಲಿದ್ದುದನ್ನು ಗುರುತಿಲ್ಲದ ಒಂದು ಬಟ್ಟೆಚೀಲಕ್ಕೆ ಸುರಿದು ಪಕ್ಕದ ಮನೆಯ ಬಾಗಿಲ ಚಿಲಕಕ್ಕೆ ನೇತುಹಾಕಿ ಹೋಗುತ್ತಿದ್ದಳು. ರುದ್ರಪ್ಪನಿಗೆ ಗೊತ್ತಾದರೆ ಮುಗಿಯಿತು. ಚೀಲ ಬೀದಿಗೆ ಬೀಳುತ್ತದೆ, ಆ ಒಲೆ ಮತ್ತೆ ಆರುತ್ತದೆ. ಅವಳಿಗೆ ಇದ್ದ ಹೆದರಿಕೆ ಅದೊಂದೇ.

ಆದರೆ ಹಿಡಿಯಕ್ಕಿಗೆ ಒಂದು ಸ್ವಭಾವವಿದೆ. ಅದು ಎಂದೂ ಒಂದೇ ಜಾತಿಯದಲ್ಲ. ಒಂದು ದಿನ ಸೋನಾ ಮಸೂರಿ, ತಿಂಗಳ ಕೊನೆಗೆ ರೇಷನ್ ಅಕ್ಕಿ, ನಡುವೆ ದೋಸೆಯ ಅಕ್ಕಿ, ಬೆಟಗೇರಿಯಿಂದ ಬಂದ ಕೆಂಪಕ್ಕಿ. ಎಲ್ಲ ನನ್ನ ಹೊಟ್ಟೆಯಲ್ಲೇ ಕೂಡುತ್ತಿದ್ದವು. ಬೇಯಿಸಿದರೆ ಒಂದು ಅಗುಳು ಕಲ್ಲು, ಪಕ್ಕದ್ದು ಮುದ್ದೆ. ಇದನ್ನು ಸುವಾರ್ತೆ ಮರೆತಿದ್ದಳು. ಅಡಿಗೆಯವನ ಮನೆಗೆ ಕೊಡುತ್ತಿದ್ದೇನೆ ಎಂಬುದನ್ನೂ ಮರೆತಿದ್ದಳು.

ಮೂರನೆಯ ವಾರ ಬೆಳಕಿಂಡಿಯಿಂದ ಅವನ ದನಿ ಬಂತು. "ನೀಲಾ, ಈ ಅಕ್ಕಿ ಎಲ್ಲಿಂದು?"

"ನನ್ನ ತಮ್ಮ ಕಳಸ್ಯಾನ."

"ನಿನ್ನ ತಮ್ಮಗ ಹುಚ್ಚು ಹಿಡದೈತೇನು, ನಾಕು ತರದ ಅಕ್ಕಿ ಕೂಡಿಸಿ ಕಳಸಾಕ? ಮೂವತ್ತು ವರ್ಷ ಅಕ್ಕಿ ತೊಳದ ಕೈ ಇದು. ಇದನ್ನ ಯಾರೋ ಹಿಡಿಹಿಡಿ ಕೂಡಿಸ್ಯಾರ. ಹಂಗ ಎತ್ತಿಡೂದು ಶಿಲುಬಿ ಮಂದಿ ಪದ್ಧತಿ."

ಸಂಜೆ ನಮ್ಮ ಬಾಗಿಲು ಬಡಿಯಿತು. ರುದ್ರಪ್ಪ ಒಳಗೆ ಬರಲಿಲ್ಲ. ಎಡಗೈಯಲ್ಲಿ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಹಣೆಯ ತುಂಬ ವಿಭೂತಿ. ಅವನ ಕಣ್ಣು ಒಳಗೆ ಸುತ್ತಾಡಿ ಒಲೆಯ ಪಕ್ಕದಲ್ಲಿದ್ದ ನನ್ನ ಮೇಲೆ, ನನ್ನ ನೀಲಿ ಅಕ್ಷರಗಳ ಮೇಲೆ ನಿಂತಿತು.

"ಪ್ರಾರ್ಥನಿಗೆ ಯಾವಾಗ ಬರಬೇಕ್ರಿ?" ಎಂದ.

"ಬರಬ್ಯಾಡ್ರಿ."

"ಮತ್ತ ನಿಮಗ ಬೇಕಾಗಿದ್ದರ ಏನು?"

ಸುವಾರ್ತೆಯ ಕಣ್ಣು ಅವನ ಬಲಗೈ ಮೇಲೆ ಬಿತ್ತು. ದವಾಖಾನೆಯಲ್ಲಿ ಮಾತಾಡುವಂತೆ ಮಾತಾಡಿದಳು. "ಕೈ ತೋರಸ್ರಿ. ಹೂಂ, ನೋಡ್ರಿ ಹೆಂಗ ಸೆಟದಾವು! ವ್ಯಾಯಾಮ ಮಾಡ್ರಿ ಅಂತ ಯಾರೂ ಹೇಳಲಿಲ್ಲೇನು?"

"ಹೇಳಿದ್ರು. ನೋವಾತು, ಬಿಟ್ಟೆ."

"ಚಂದ ಆತು. ಮಂದಿಗೆ ಮಾತಾಡಾಕ ಅಷ್ಟು ಧೈರ್ಯ, ತಮ್ಮ ಕೈ ಮಡಚಾಕ ಇಲ್ಲ."

ಗೋಡೆಯಾಚೆ ನೀಲವ್ವ ಕಿಸಕ್ಕನೆ ನಕ್ಕಳು. ರುದ್ರಪ್ಪ ಚೀಲವನ್ನು ನೆಲಕ್ಕಿಡಲಿಲ್ಲ, ಹಿಡಿದುಕೊಂಡೇ ಮನೆಗೆ ಮರಳಿದ. ನಾನು ಅದನ್ನೇ ನೋಡುತ್ತಿದ್ದೆ.

ಮರುದಿನದಿಂದ ಸಂಜೆ ಸಂಜೆ ಅವನು ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಕೂರತೊಡಗಿದ. ಸುವಾರ್ತೆ ಈ ವ್ಯಾಯಾಮಕ್ಕೆಂದೇ ನನ್ನಲ್ಲಿ ಅರ್ಧದಷ್ಟು ಅಕ್ಕಿ ತುಂಬಿಸಿಟ್ಟಿದ್ದಳು. ಅದರೊಳಗೆ ಕೈ ಊರಬೇಕು, ಮುಷ್ಟಿ ಮಾಡಬೇಕು, ಬಿಡಬೇಕು. ಮೊದಲ ದಿನ ಬೆರಳು ಬಾಗಲೇ ಇಲ್ಲ. ಅವನ ಬೆವರು, ಹಣೆಯ ವಿಭೂತಿಯ ಪುಡಿ ನನ್ನೊಳಗೆ ಉದುರುತ್ತಿದ್ದವು. ಎಸ್ತರ ಎದುರು ಕೂತು ಎಣಿಸುವವಳು. "ಕಾಕಾ, ಇವತ್ತ ಹನ್ನೊಂದು ಕಾಳು!"

ಒಮ್ಮೆ ನೋವು ತಡೆಯದೆ ಅವನೆಂದ, "ಸಿಸ್ಟರ, ನಿಮ್ಮ ದೇವರ ಪಾಲಿನ್ಯಾಗ ಕೈ ಹಾಕೀನಿ. ಸಿಟ್ಟಾಗಂಗಿಲ್ಲೇನು ಅವ?"

"ನಮ್ಮ ದೇವರ ಕೈಯಾಗೂ ಗಾಯ ಐತ್ರಿ. ಅವಂಗ ತಿಳೀತೈತಿ" ಎಂದು ಸುವಾರ್ತೆ ಈರುಳ್ಳಿ ಹೆಚ್ಚುತ್ತಲೇ ಹೇಳಿದಳು. ಆ ಸಂಜೆ ಅವನು ಎಂದಿಗಿಂತ ಹೆಚ್ಚು ಹೊತ್ತು ಅಕ್ಕಿಯಲ್ಲಿ ಕೈ ಇಟ್ಟುಕೊಂಡು ಕೂತಿದ್ದ.

ಐದು ತಿಂಗಳಾದ ಮೇಲೆ ಒಂದು ಹಿಡಿ ಎದ್ದಿತು. ಪೂರ್ತಿ ಹಿಡಿ, ಒಂದು ಕಾಳೂ ಸೋರದಂತೆ. ರುದ್ರಪ್ಪ ಅದನ್ನು ಎತ್ತಿ ಹಿಡಿದು ಮಕ್ಕಳ ಹಾಗೆ ಅತ್ತ. ಮುಂದಿನ ಲಗ್ನದ ಕಾಲಕ್ಕೆ ಸೌಟು ಅವನ ಕೈಗೆ ಮರಳಿತು. ಮೊದಲ ಮದುವೆಯ ಅಡುಗೆ ಮುಗಿಸಿ ಬಂದವನು ಕೇಳಿದ್ದು ಒಂದೇ.

"ಸಿಸ್ಟರ, ಆ ಡಬ್ಬಿ ನನಗ ಕೊಡ್ರಿ."

ಹೀಗೆ ನಾನು ಗೋಡೆ ದಾಟಿದೆ. ನೀಲವ್ವ ನನ್ನ ಶಿಲುಬೆಯನ್ನು ಉಜ್ಜಲಿಲ್ಲ, ಅಕ್ಷರವನ್ನೂ ಉಜ್ಜಲಿಲ್ಲ. ಊಟಕ್ಕೆ ಬಂದ ನೆಂಟರೊಬ್ಬರು "ಯಾವ ದೇವರ ಪಾಲೋ ಇದು?" ಎಂದು ಕೊಂಕು ತೆಗೆದಾಗ ರುದ್ರಪ್ಪ, "ಹಸದಾವರ ಪಾಲು. ಉಂಡೇಳ್ರಿ ಸುಮ್ಮನ" ಎಂದ. ಅವನು ಗುಡಿಗೆ ಬಂದದ್ದಿಲ್ಲ, ಸುವಾರ್ತೆ ಕರೆದದ್ದೂ ಇಲ್ಲ. ಆದರೆ ಯಾರ ಮನೆಯಲ್ಲಿ ಒಲೆಯ ಸಪ್ಪಳ ನಿಂತಿದೆ ಎಂದು ಇಡೀ ವಠಾರಕ್ಕೆ ಅವನು ಕಿವಿಗೊಡುತ್ತಿದ್ದ.

ಈಗ ನನಗೆ ವಯಸ್ಸಾಗಿದೆ. ತಳಕ್ಕೆ ತುಕ್ಕು ಹಿಡಿದು ತೂತು ಬಿದ್ದಿದೆ, ನೀಲವ್ವ ಒಳಗೆ ಬಟ್ಟೆ ಹಾಸಿದ್ದಾಳೆ. ನೀಲಿ ಅಕ್ಷರ ಓದಲು ಬರುವುದಿಲ್ಲ.

ಮುಪ್ಪಿನಲ್ಲಿ ಹುಬ್ಬಳ್ಳಿಗೆ ಬಂದಿದ್ದ ಮಾರ್ಥವ್ವ ಹೋದ ವಾರ ಗೋಡೆಯಾಚೆ ಮಗನ ಮನೆಯಲ್ಲೇ ತೀರಿಕೊಂಡಳು. ಮಣ್ಣು ಮಾಡಿ ಎಲ್ಲರೂ ಮರಳಿದಾಗ ಆ ಕಡೆ ಒಲೆ ಹತ್ತಿರಲಿಲ್ಲ. ರುದ್ರಪ್ಪ ನನ್ನನ್ನು ಎತ್ತಿ ಇದ್ದುದನ್ನೆಲ್ಲ ಪಾತ್ರೆಗೆ ಸುರಿದ.

"ಚೊಲೋ ಅಕ್ಕಿ ಐತಲ್ಲ ಮನ್ಯಾಗ. ಇದು ಸಮ ಬೇಯಂಗಿಲ್ಲ" ಎಂದಳು ನೀಲವ್ವ.

"ಇದ ಇರಲಿ. ಸಿಸ್ಟರ ಗುರುತು ಹಿಡೀತಾರ."

ಬೆಂದ ಅನ್ನ ಗೋಡೆಯಾಚೆ ಹೋದ ಮೇಲೆ ಬೆಳಕಿಂಡಿಯಿಂದ ತಟ್ಟೆಗಳ ಸದ್ದು ಬಂತು. ಬೆಳೆದು ದೊಡ್ಡವಳಾದ ಎಸ್ತರ ಪಿಸುಗುಟ್ಟಿದಳು. "ಅವ್ವಾ, ಅಷ್ಟು ದೊಡ್ಡ ಅಡಿಗಿಯವರು, ಅನ್ನ ಅರ್ಧ ಗಟ್ಟಿ ಐತಿ, ಅರ್ಧ ಮುದ್ದಿ ಆಗೈತಿ."

ಸುವಾರ್ತೆಯ ದನಿ, ಬೆಳಿಗ್ಗೆಯಿಂದ ಅಳದವಳ ದನಿ, ಒಡೆಯಿತು. "ಉಣ್ಣು ಮಗಳ. ಇದು ನಿಮ್ಮಜ್ಜಿ ಅನ್ನ."

ನಾನು ಈಚೆ ಖಾಲಿಯಾಗಿ ಕುಣಿಯುತ್ತಿದ್ದೆ.

ಮರುದಿನ ರುದ್ರಪ್ಪ ಅಕ್ಕಿ ಅಳೆದ. ತೊಳೆಯುವ ಮುಂಚೆ ಆ ಸುಟ್ಟ ಕೈಯನ್ನು ಅದರೊಳಗೆ ಊರಿ ಒಂದು ಹಿಡಿ ಎತ್ತಿ ನನ್ನೊಳಗೆ ಹಾಕಿದ.

ನಾನು ಸುಮ್ಮನೆ ಕೂತೆ.